ಹಿಂದುಮುಂದಾದರೆ ಉಳಿಯುವುದು

ಮೊನ್ನೆ, ಮಗಳನ್ನು ನೋಡಿ ಒಪ್ಪಿದ ಗಂಡಿನವರು ಮಾತಾಡಲು ಬರುತ್ತಾರೆಂದು ಸೀರೆ ತೆಗೆಯಲು ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ. ಸೀರೆಗಳ ಅಡಿಗೆ ಅತ್ತೆ ಎಂದೋ ಹಾಸಿದ್ದ ಹಾಳೆ ನನ್ನದೇ ಎಂ.ಎಸ್ಸಿ. ಭೌತಶಾಸ್ತ್ರದ ನೋಟ್ಸು! ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರದಲ್ಲಿ, ಫೀಲ್ಡ್ ಆಪರೇಟರುಗಳ ಕಮ್ಯುಟೇಟರ್.

ಹೆದರಬೇಡಿ, ಬೇಳೆ ಬೇಯಿಸುವವಳಿಗೂ ತಿಳಿಯುವ ಮಾತದು. ಕ್ವಾಂಟಂ ಕ್ಷೇತ್ರ ಜಗತ್ತಿನ ಮೂಲೆಮೂಲೆಯನ್ನೂ ತುಂಬಿರುತ್ತದೆ. ಅದರ ಒಂದು ಬಿಂದುವಿನಲ್ಲಿ ಒಂದು ಕ್ರಿಯೆ, ಇನ್ನೊಂದರಲ್ಲಿ ಇನ್ನೊಂದು. ಇದು ಮೊದಲು, ಅದು ಆಮೇಲೆ ಎಂದು ಮಾಡಿ. ಬಂದದ್ದರಿಂದ, ಹಿಂದುಮುಂದಾಗಿ ಮಾಡಿದಾಗ ಬಂದದ್ದನ್ನು ಕಳೆಯಿರಿ. ಉಳಿಯುವುದೇ ಕಮ್ಯುಟೇಟರ್. ಎರಡು ಕ್ರಿಯೆಗಳ ನಡುವಿನ ಹೊತ್ತಿನಲ್ಲಿ ಬೆಳಕೂ ದಾಟಲಾರದಷ್ಟು ದೂರ ಬಿಂದುಗಳಿದ್ದರೆ ಮಾತ್ರ ಉಳಿಯುವುದು ಸೊನ್ನೆ ಎಂಬುದು ಖಾತ್ರಿ. ಇಲ್ಲಿಯದು ಅಲ್ಲಿಗೆ ತಟ್ಟುವುದಿಲ್ಲ.

ಧಾರವಾಡದಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕ ವಾರವೇ ನನ್ನ ಮದುವೆಯ ಮಾತಾಯಿತು. ಬಾಗಲಕೋಟೆಯ ನಮ್ಮ ಪಡಸಾಲೆಯಲ್ಲಿ ಕೂತು ಮಾವನವರಾಗುವವರು ನಕ್ಕರು: “ಮೊದ್ಲ ಮದುವಿ ಆಗ್ಲಿ, ಆಮ್ಯಾಲೆ ಓದ್ಲಿ. ಹಿಂದ-ಮುಂದ ಆದ್ರ ಏನ್ ಫರಕ್ರಿ?” ಅಪ್ಪ ಹೌದೆಂದು ತಲೆಯಾಡಿಸಿದರು. ಆ ಫರಕನ್ನೇ ಪುಟಗಟ್ಟಲೆ ಲೆಕ್ಕ ಹಾಕಿದ್ದ ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಮಾವನವರದು ಇಳಕಲ್ಲಿನಲ್ಲಿ ಮಗ್ಗದ ಮನೆ. ಅಲ್ಲಿ ಸೀರೆಯ ಒಡಲಿನ ನೂಲಿಗೆ ಸೆರಗಿನ ಕೆಂಪು ನೂಲನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ನಾನು ಹೋದ ಹೊಸತರಲ್ಲಿ ನೇಕಾರ ಹುಸೇನಸಾಬ ಬಣ್ಣದಲ್ಲಿ ಅದ್ದಿ ತೆಗೆದ ಕೆಂಪು ನೂಲು ಒಣಗುವ ಮೊದಲೇ ಕೊಂಡಿ ಹಾಕಿಬಿಟ್ಟ. ಬಣ್ಣ ಒಡಲಿಗಿಳಿಯಿತು.

“ಲೇ ಹುಸೇನಾ, ಮೊದ್ಲ ಒಣಗಸೂದು, ಆಮ್ಯಾಲೆ ಕೊಂಡಿ! ಹಿಂದ-ಮುಂದ ಮಾಡಿ ಸೀರೀನ ಕೆಡಿಸಿದ್ಯಲ್ಲೋ!” ಎಂದು ಮಾವ ಕೂಗಾಡಿದರು.

“ಅವಸರ ಮಾಡಿದವ್ರು ನೀವ ಅಲ್ಲೇನ್ರಿ, ಯಜಮಾನ್ರ?” ಎಂದ ಅವನು.

ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನೂಲಿಗಿದ್ದ ಮೊದಲು-ಆಮೇಲೆ ಸೊಸೆಗಿರಲಿಲ್ಲ.

ಆ ‘ಆಮ್ಯಾಲೆ’ ಬರಲೇ ಇಲ್ಲ. ಬಸುರು, ಬಾಣಂತನ, ಮಾವನ ಪಥ್ಯ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಧಾರವಾಡ ಬೆಳಕೂ ದಾಟದಷ್ಟು ದೂರವಾಯಿತು. ನೋಟ್ಸಿನ ಹಾಳೆಗಳ ಮೇಲೆ ಶಾವಿಗೆ ಒಣಗಿಸಿದ್ದೂ ಉಂಟು, ಒಣಗಿಸಿದವಳು ನಾನೇ.

ಹಾಳೆ ಹಿಡಿದು ಕೂತಿದ್ದಾಗ ಮಗಳು ಬಂದಳು. ಕೊನೆಯ ವರ್ಷದ ಪರೀಕ್ಷೆಗೆ ಅವಳಿಗೆ ಎರಡೇ ತಿಂಗಳು. ಗಂಡಿನವರಿಗೋ ಅದಕ್ಕೂ ಮೊದಲೇ ಮದುವೆಯಾಗಬೇಕು.

“ಮಮ್ಮಿ, ನಾ ಹೂಂ ಅಂದೇನಿ. ಪರೀಕ್ಷಿ ಮುಂದಿನ ವರ್ಷ ಬರದ್ರಾತು. ಹಿಂದ-ಮುಂದ ಆದ್ರ ಏನ್ ಫರಕ್ ಬಿಡು!”

ಈ ಮಾತನ್ನು ಅವಳಿಗೆ ಯಾರು ಕಲಿಸಿದರು? ಇಪ್ಪತ್ತೈದು ವರ್ಷ ಸುಮ್ಮನಿದ್ದು ಕಲಿಸಿದವಳು ನಾನೇ.

ಸೀರೆಯನ್ನು ಒಳಗಿಟ್ಟು ಟ್ರಂಕು ಮುಚ್ಚಿದೆ. ಹಾಳೆ ಹೊರಗೇ ಉಳಿಯಿತು.

“ಮೊದ್ಲ ಪರೀಕ್ಷಿ ಬರಿ,” ಎಂದೆ. “ಸೀರಿ ಆಮ್ಯಾಲೆ ತೆಗೀತೇನಿ.”