ರಿಜೆಕ್ಟ್ ಮಾವನ ರಿಪೇರಿ

ನೆಂಟರಿಷ್ಟರಿಗೆಲ್ಲ ಅವನು ರಿಜೆಕ್ಟ್ ಮಾವ. ರೇಡಿಯೊ ಕಾರ್ಖಾನೆಯಲ್ಲಿ ಡಯೋಡ್ ಪರೀಕ್ಷಿಸುವುದೇ ಜೀವಮಾನವಿಡೀ ಅವನು ಮಾಡಿದ ಕೆಲಸ. ಕ್ಲಿಪ್ಪಿಗೆ ಸಿಕ್ಕಿಸಿದರೆ ಬಲ್ಬು ಹತ್ತಬೇಕು, ತಿರುಗಿಸಿ ಸಿಕ್ಕಿಸಿದರೆ ಹತ್ತಬಾರದು. ಕರೆಂಟ್ ಒಂದೇ ಕಡೆ ಹರಿಯಬೇಕು, ಅಷ್ಟೆ. ಕೋತಿಯೂ ಮಧ್ಯಾಹ್ನದೊಳಗೆ ಕಲಿತುಬಿಡುವ ಈ ವಿದ್ಯೆಯ ಮೇಲೆ ಮಹಾಶಯ ನಿವೃತ್ತಿಯವರೆಗೂ ಮೀಸೆ ತಿರುವಿದ. ಬೆಳಕು ಕೊಡುವ ಡಯೋಡು, ಬೆಳಕು ಬಿದ್ದರೆ ಕರೆಂಟ್ ಬಿಡುವ ಡಯೋಡು, ಇವೆಲ್ಲ ಪಕ್ಕದ ವಿಭಾಗಕ್ಕೆ ಹೋಗುತ್ತಿದ್ದವು. ಪಕ್ಕದ ವಿಭಾಗದವಾದ್ದರಿಂದ ಅವು ಡಯೋಡುಗಳೇ ಅಲ್ಲ ಎಂಬುದು ಅವನ ತೀರ್ಪು. ಮನೆಯಲ್ಲೂ ಅದೇ ರೋಗ. ಹೆಂಡತಿ ಮಡಚಿದ ಬಟ್ಟೆ, ನೆರೆಯವರ ಗೇಟು, ಡಾಕ್ಟರ ಕೈಬರಹ, ಎಲ್ಲದಕ್ಕೂ ಮೂಗು ಮುರಿದು "ರಿಜೆಕ್ಟ್" ಅನ್ನುತ್ತಿದ್ದ.

ಅವನ ಜೊತೆಗೇ ಇದ್ದ ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವಳ ಅಳಿಯ ಮೇಜಿನ ಮೇಲಿಡುವ ಹಳೆಯ ಕಿವಿಯಂತ್ರವೊಂದನ್ನು ಹುಡುಕಿ ತಂದು, ಮನೆಯ ಕರೆಂಟಿನಲ್ಲಿ ನಡೆಯುವಂತೆ ಮಾಡಿಕೊಟ್ಟಿದ್ದ. ಹೆಡ್‌ಫೋನ್ ಹಾಕಿಕೊಂಡು, ಯಂತ್ರದ ಮೈಕಿನ ಬಳಿ ಫೋನ್ ಇಟ್ಟು, ಭಾನುವಾರ ಮೊಮ್ಮಗಳ ದನಿ ಕೇಳುವುದೊಂದೇ ಅಕ್ಕನ ಸುಖ. ಈ ಭಾನುವಾರ ಮಗು ಹಾಡು ಹೇಳುವುದಿತ್ತು. ಫೋನಿಗೆ ಮುಖ ಕಾಣಿಸದಿದ್ದರೂ ಅಕ್ಕ ಬೆಳಿಗ್ಗೆಯೇ ತಲೆ ಬಾಚಿ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು.

ಧೂಳು ಒರೆಸುವ ನೆಪದಲ್ಲಿ ಮಾವ ಯಂತ್ರದ ಪೆಟ್ಟಿಗೆ ಬಿಚ್ಚಿದ. ಒಳಗೊಂದು ಡಯೋಡು ಉಲ್ಟಾ ಕೂತಿತ್ತು! ಅಳಿಯ ಯಂತ್ರ ತಂದ ದಿನವೇ ಹೇಳಿದ್ದ: "ಮಾವ, ಅದನ್ನ ಮಾತ್ರ ಮುಟ್ಟಬೇಡಿ. ಅದು ಜೀನರ್, ಉಲ್ಟಾ ಇದ್ರೇನೇ ಕೆಲಸ. ವೋಲ್ಟೇಜ್ ಮಿತಿ ದಾಟೋಕೆ ಬಿಡಲ್ಲ."

"ಡಯೋಡ್ ವಿಷಯ ನನಗೇ ಹೇಳಿಕೊಡ್ತಾನೆ!" ಎಂದು ಗೊಣಗಿ, ಬೆಸುಗೆ ಬಿಡಿಸಿ ಅದನ್ನು ತಿರುಗಿಸಿ ಕೂರಿಸಿ, ಸ್ವಿಚ್ ಹಾಕಿದ. ಯಂತ್ರ ಉಸಿರೆತ್ತಲಿಲ್ಲ. ನೇರವಾದ ಜೀನರ್ ಒಂದು ವೋಲ್ಟನ್ನೂ ಅದಕ್ಕೆ ಉಳಿಸಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಅವನು ಅವನೇ ಅಲ್ಲವಲ್ಲ!

"ಡಯೋಡೇ ಕೆಟ್ಟಿದೆ, ರಿಜೆಕ್ಟ್," ಎಂದು ಕತ್ತರಿಸಿ ಬಿಸಾಡಿ, ಮತ್ತೆ ಸ್ವಿಚ್ ಹಾಕಿದ. ತಡೆಯುವವರಿಲ್ಲದ ವೋಲ್ಟೇಜು ಒಮ್ಮೆಲೇ ನುಗ್ಗಿತು. ಹೆಡ್‌ಫೋನ್ ಚೀರಿತು, ಅಕ್ಕ ಅದನ್ನು ಕಿತ್ತೆಸೆದಳು, ಪೆಟ್ಟಿಗೆಯಿಂದ ಸುಟ್ಟ ವಾಸನೆ ಎದ್ದಿತು.

"ನಿನ್ನ ಅಳಿಯನ ಕೆಲಸ ನೋಡು!" ಎಂದು ನಾಚಿಕೆಯಿಲ್ಲದೆ ಕೂಗಾಡಿದ. ಅಕ್ಕನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಕತ್ತರಿಸಿದ ಡಯೋಡು ಅವಳ ಕಾಲ ಬಳಿಯೇ ಬಿದ್ದಿತ್ತು.

ಆಗಲೇ ಫೋನಿನ ದೀಪ ಮಿನುಗಿತು. ಅಕ್ಕ ಅದನ್ನು ಎತ್ತಿ ಅವನ ಕೈಗೆ ತುರುಕಿದಳು.

"ನೀನೇ ಕೇಳು. ಎಲ್ಲಾ ಗೊತ್ತಲ್ಲ ನಿನಗೆ."

ಮಗು ಒಂದೇ ಉಸಿರಿನಲ್ಲಿ ಇಡೀ ಹಾಡು ಹಾಡಿತು. "ಅಜ್ಜೀ, ಚೆನ್ನಾಗಿತ್ತಾ?"

ಹುಟ್ಟಿದಾಗಿನಿಂದ ಯಾರನ್ನೂ ಮೆಚ್ಚದ ಬಾಯಿ ಮೆಲ್ಲಗೆ ಹೇಳಿತು: "ಚೆನ್ನಾಗಿತ್ತು, ಪುಟ್ಟಿ."

"ನಿಂಗಲ್ಲ ತಾತ, ಅಜ್ಜಿಗೆ ಹಾಡಿದ್ದು. ಅಜ್ಜಿಗೆ ಕೊಡು, ಇನ್ನೊಂದ್ಸಲ ಹಾಡ್ತೀನಿ."

ರಿಜೆಕ್ಟ್ ಮಾವ ಫೋನನ್ನು ಮುಂದೆ ಚಾಚಿದ. ಅಕ್ಕ ಕೈ ನೀಡಲಿಲ್ಲ. ಚಾಚಿದ ಫೋನಿನಲ್ಲಿ ಮಗು ಮತ್ತೆ ಹಾಡತೊಡಗಿತು.