ಬೇಸಿಗೆಯಲ್ಲಿ ನೋಡಿದ ಕೆರೆ

ಪರಿಶೀಲನಾ ವರದಿಯಲ್ಲಿ ನಮ್ಮೂರ ಕೆರೆಯನ್ನು ‘ಒಣ ಭೂಮಿ’ ಎಂದು ಟೈಪ್ ಮಾಡಿದ್ದರು. ಕುರುಗೋಡಿನ ಹತ್ತಿರದ ನಮ್ಮ ಭತ್ತದ ಗದ್ದೆಗಳಿಗೆ ಆ ಕೆರೆಯೇ ಆಧಾರ. ಅಲ್ಲಿ ಅದಿರು ಸುರಿಯಲು ಗಣಿಯವರು ಅನುಮತಿ ಕೇಳಿದ್ದರು. ತಡೆಯುವವರು ಯಾರೆಂದು ಬಳ್ಳಾರಿಯ ಕಚೇರಿಯಲ್ಲಿ ವಿಚಾರಿಸಿದರೆ, “ಗಣಿ ವಿಷ್ಯ ದಿಲ್ಲಿಯವ್ರನ್ನ ಕೇಳ್ರಿ” ಎಂದರು. ದಿಲ್ಲಿಗೆ ಬರೆದರೆ, ಕೆರೆ ರಾಜ್ಯದ ಹೊಣೆ ಎಂಬ ಉತ್ತರ ಬಂತು. ಪರಿಶೀಲನೆ ನಡೆದದ್ದು, ಹೊಲಕ್ಕೆ ಕೆರೆಮಣ್ಣು ಹೊಡೆಯಲು ಪ್ರತಿ ಬೇಸಿಗೆ ನಾವೇ ತೂಬು ತೆಗೆದು ನೀರು ಖಾಲಿ ಮಾಡುವ ವಾರದಲ್ಲಿ. ಆ ವಾರ ಯಾವುದೆಂದು ಊರವರಿಗಷ್ಟೇ ಗೊತ್ತು. ಆದರೆ ವರದಿಯ ಕೆಳಗೆ ಸಾಕ್ಷಿಯ ಸಹಿ ನನ್ನ ದೊಡ್ಡಪ್ಪನದು.

“ನೀರಿದ್ದಿಲ್ಲ, ಇಲ್ಲ ಅಂತ ಬರಸೀನಿ. ಅದ್ರಾಗ ಸುಳ್ಳೇನೈತಿ?” ಎಂದರು ದೊಡ್ಡಪ್ಪ, ನನ್ನ ಮುಖ ನೋಡದೆ. ಅವರ ಅಂಗಳದಲ್ಲಿ ಹೊಸ ಟಿಪ್ಪರ್ ನಿಂತಿತ್ತು.

ಅಷ್ಟರಲ್ಲಾಗಲೇ ಮಳೆಗೆ ಕೆರೆ ಮತ್ತೆ ತುಂಬಿತ್ತು. ಮರುದಿನ ಬೆಳಿಗ್ಗೆ ಅದರ ಫೋಟೋ ತೆಗೆದು, ಮನೆಯಲ್ಲಿ ಯಾರಿಗೂ ಹೇಳದೆ ಎರಡೂ ಕಚೇರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.