ಕರೆಂಟಿಲ್ಲದ ರಾಜ್ಯಕ್ಕೆ ಬಂದ ಕಬ್ಬಿಣದವನು

ನಾನು ಕನ್ನಡಕದ ಅಂಗಡಿಯಲ್ಲಿ ಮುಂದೆ ನಿಂತು ಸುಳ್ಳು ಹೇಳುವ ಕೆಲಸ ಮಾಡುತ್ತೇನೆ. ಯಾರು ಯಾವ ಫ್ರೇಮ್ ಹಾಕಿಕೊಂಡು ಕನ್ನಡಿ ನೋಡಿದರೂ "ನಿಮಗೇ ಅಂತ ಮಾಡಿಸಿದ ಹಾಗಿದೆ ಸಾರ್" ಅನ್ನಬೇಕು. ಕುಂಬಳಕಾಯಿಯಂಥ ಮುಖಕ್ಕೂ ಅದೇ ಮಾತು, ಸೌತೆಕಾಯಿಯಂಥ ಮುಖಕ್ಕೂ ಅದೇ ಮಾತು. ನಿಜವಾದ ಕೆಲಸ ನಡೆಯುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಗಾಜಣ್ಣ ಲೆನ್ಸ್ ಉಜ್ಜುತ್ತಿದ್ದರು.

ಕಲ್ಲಿನ ಚಕ್ರ ತಿರುಗುತ್ತಿತ್ತು, ಅದರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಗಾಜಣ್ಣ ಲೆನ್ಸನ್ನು ಎರಡು ಬೆರಳಲ್ಲಿ ಹಿಡಿದು ಅಂಚು ತಾಗಿಸುವರು, ಫ್ರೇಮಿಗೆ ಹಿಡಿದು ನೋಡುವರು, ಮತ್ತೆ ತಾಗಿಸುವರು. ಸಂಜೆಯ ಹೊತ್ತಿಗೆ ಮೊಣಕೈವರೆಗೂ ಬಿಳಿ ಕೆಸರು. ಆ ಗಿರಗಿರ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲ ಅಂತಲೋ ಏನೋ, ವಾರವಿಡೀ ಅವರ ಬಾಯಿಂದ ಬರುತ್ತಿದ್ದದ್ದು "ಹೂಂ", "ಆಯ್ತು", "ನಾಳೆ", ಇಷ್ಟೇ. ಇದರಲ್ಲಿ "ನಾಳೆ" ಹೆಚ್ಚಾಗಿ ಅವರ ಹೆಂಡತಿಯ ಪಾಲಿಗೆ. ಊರಿಗೆಲ್ಲ ಕನ್ನಡಕ ಮಾಡಿದವರ ಮನೆಯಲ್ಲಿ ಅತ್ತಿಗೆ ಮಾತ್ರ ಬಿಸ್ಕತ್ತಿನ ಪೊಟ್ಟಣದ ಮೇಲಿನ ತಾರೀಖು ಓದುವುದಕ್ಕೂ ಕೈಯನ್ನು ದೂರಕ್ಕೆ ಚಾಚಬೇಕಿತ್ತು. "ನಂದು ಯಾವಾಗ ಮಾಡ್ಕೊಡ್ತೀರಿ?" ಅಂದರೆ ಗಾಜಣ್ಣನ ಉತ್ತರ ಸಿದ್ಧ: "ನಾಳೆ."

ಭಾನುವಾರ ಮಧ್ಯಾಹ್ನ ಮಾತ್ರ ಅದೇ ಬಾಯಿ ಬೇರೆಯಾಗುತ್ತಿತ್ತು.

ಅವರ ಮನೆಯ ಊಟದ ಮೇಜಿನ ಸುತ್ತ ನಾವು ಮೂವರು ಸೇರುತ್ತಿದ್ದೆವು. ನಾನು, ಪಕ್ಕದ ಔಷಧಿ ಅಂಗಡಿಯ ಅಕ್ಕ, ಮತ್ತೆ ನಮ್ಮ ಬೀದಿಗೆ ಬರುವ ಬಸ್ಸಿನ ಕಂಡಕ್ಟರ್. ಆಡುತ್ತಿದ್ದದ್ದು ಕಥೆಯ ಆಟ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ "ನಾನು ಬಾಗಿಲು ಒಡೀತೀನಿ", "ನಾನು ಓಡಿ ಹೋಗ್ತೀನಿ" ಅನ್ನುತ್ತಾರೆ. ಅದು ಸಾಧ್ಯವೋ ಇಲ್ಲವೋ ಅಂತ ತೀರ್ಪು ಕೊಡುವುದು ಇಪ್ಪತ್ತು ಮುಖದ ಒಂದು ದಾಳ. ದೊಡ್ಡ ಅಂಕಿ ಬಿದ್ದರೆ ಗೆದ್ದೆ, ಚಿಕ್ಕದು ಬಿದ್ದರೆ ಕೆಟ್ಟೆ. ದಿನವೂ ಅಂಗಡಿಯ ಶಟರ್ ಎತ್ತಲು ಪಕ್ಕದವರನ್ನು ಕೂಗುವ ನಾನು ಅಲ್ಲಿ ಮಹಾಶೂರ. ಒಂದು ಮಾತ್ರೆಯ ಲೆಕ್ಕವೂ ತಪ್ಪದ ಅಕ್ಕ ಅಲ್ಲಿ ಕಳ್ಳಿ. ಚಿಲ್ಲರೆ ಕೇಳಿದರೆ ಉರಿದುಬೀಳುವ ಕಂಡಕ್ಟರ್ ಅಲ್ಲಿ ಶಾಂತಮೂರ್ತಿ ಮಾಂತ್ರಿಕ.

ಉಳಿದವರೆಲ್ಲ ಗಾಜಣ್ಣ. ರಾಜ, ರಾಜನ ಕಿವುಡ ಮಂತ್ರಿ, ಸಾಲಾಗಿ ನಿಂತ ಕಾವಲುಗಾರರು, ಕುಂಟ ರಾಕ್ಷಸ, ಅವನು ಸಾಕಿದ ಮೇಕೆ, ಒಬ್ಬೊಬ್ಬರಿಗೂ ಒಂದೊಂದು ಧ್ವನಿ. ಅವರಲ್ಲೆಲ್ಲ ದೊಡ್ಡವಳು ದೋಣಿಯ ಅಜ್ಜಿ. ರಾಜ್ಯದ ನಡುವೆ ಹರಿಯುವ ಹೊಳೆಯನ್ನು ದಾಟಬೇಕಾದರೆ ಅವಳ ಕಾಲು ಹಿಡಿಯಬೇಕು. ನನ್ನನ್ನು ಕಂಡ ತಕ್ಷಣ, "ಏನಪ್ಪಾ ಶೂರ, ಕತ್ತಿ ಉದ್ದಕ್ಕಿದೆ. ಈಜು ಬರುತ್ತಾ?" ಅನ್ನುವಳು. ಎಲ್ಲರೂ ನಗುವರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಅತ್ತಿಗೆಯೂ ನಗುವರು.

ಅತ್ತಿಗೆ ಆಟಕ್ಕೆ ಕೂತವರಲ್ಲ. ಆದರೆ ಅಜ್ಜಿ ಬಾಯಿ ಬಿಟ್ಟರೆ ಸಾಕು, ಸೌಟು ಕೈಯಲ್ಲಿದ್ದ ಹಾಗೇ ಬಾಗಿಲಿಗೆ ಬರುತ್ತಿದ್ದರು. ಒಮ್ಮೆ ಕಪ್ಪು ತೊಳೆಯುವಾಗ ನನಗೆ ಹೇಳಿದರು: "ಅದು ನಮ್ಮತ್ತೆ ಧ್ವನಿ ಕಣೋ. ಹಾಗೇ ಎತ್ತಿಟ್ಟ ಹಾಗಿದೆ. ಇದ್ದಾಗ ಇಬ್ಬರಿಗೂ ಹಾವು ಮುಂಗುಸಿ. ಯಾವಾಗ ಬಾಯಿ ಮುಚ್ತಾರಪ್ಪಾ ಅನ್ನಿಸ್ತಿತ್ತು. ಈಗ ನೋಡು, ಭಾನುವಾರ ಬಂದ್ರೆ ಕಾಯ್ತೀನಿ."

ಗಾಜಣ್ಣನ ರಾಜ್ಯಕ್ಕೆ ಒಂದೇ ಕಾನೂನು: ಅಲ್ಲಿ ಕರೆಂಟಿಲ್ಲ. ಯಂತ್ರದ ಹೆಸರೆತ್ತಿದವರು ಆ ದಿನ ಚಹಾ ಮಾಡಬೇಕು. ಕಂಡಕ್ಟರಿಗೆ ಬಾಹ್ಯಾಕಾಶದ ಹುಚ್ಚು, ಹಾಗಾಗಿ ಚಹಾ ಯಾವಾಗಲೂ ಅವನದೇ.

"ಒಂದೇ ಒಂದು ರಾಕೆಟ್ ಬಿಡಿ ಅಣ್ಣಾ. ಚಿಕ್ಕದು."

"ವಾರವಿಡೀ ಯಂತ್ರದ ಮುಂದೆ ಕೂತಿರ್ತೀನಿ. ಭಾನುವಾರಾನೂ ತಂದು ಕೂರಿಸ್ಬೇಡ. ಎದ್ದು ಹಾಲಿಡು."

ಆಮೇಲೆ ಗಾಜಣ್ಣನ ಧ್ವನಿ ಒಡೆಯಿತು. ಮೊದಲು ರಾಕ್ಷಸನಿಗೆ ನೆಗಡಿ ಅಂದುಕೊಂಡು ನಕ್ಕೆವು. ಔಷಧಿ ಅಕ್ಕ ಮಾತ್ರ ನಗಲಿಲ್ಲ. "ಇಷ್ಟು ದಿನ ಗಂಟಲು ಕಟ್ಟಬಾರದು, ದೊಡ್ಡ ಆಸ್ಪತ್ರೆಗೆ ಹೋಗಿ" ಅಂತ ಹಟ ಹಿಡಿದು ಕಳಿಸಿದಳು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೆ ಒಂದು ಬಿಳಿ ಬಟ್ಟೆ. ಮಾತಿಗೆ ಟಾರ್ಚಿನಂಥ ಒಂದು ಬ್ಯಾಟರಿ ಯಂತ್ರ ಕೊಟ್ಟರು. ಅದನ್ನು ದವಡೆಯ ಕೆಳಗೆ ಒತ್ತಿ ತುಟಿ ಆಡಿಸಿದರೆ ಮಾತು ಬರುತ್ತದೆ. ಏರಿಲ್ಲ, ಇಳಿವಿಲ್ಲ, ಸಿಟ್ಟಿಲ್ಲ, ನಗುವಿಲ್ಲ. ಡಬ್ಬದೊಳಗೆ ಜೀರುಂಡೆ ಮಾತಾಡಿದ ಹಾಗೆ.

ಗಾಜಣ್ಣ ಕೆಲಸಕ್ಕೆ ಮರಳಿದರು. ಚಕ್ರಕ್ಕೆ ಧ್ವನಿ ಬೇಕಿಲ್ಲವಲ್ಲ. ಆದರೆ ಭಾನುವಾರದ ಮಾತೆತ್ತಿದರೆ ತಲೆ ಅಲ್ಲಾಡಿಸಿ ಚಕ್ರ ಶುರುಮಾಡುತ್ತಿದ್ದರು. ಕೊನೆಗೆ ಅತ್ತಿಗೆಯೇ ನನ್ನನ್ನು ಕರೆಸಿದರು.

"ಮನೇಲಿ ಆ ಯಂತ್ರ ಕೈಗೇ ತಗೊಳ್ಳಲ್ಲ. ಸ್ಲೇಟಲ್ಲಿ ಬರೀತಾರೆ, ನನಗೆ ಓದೋಕೆ ಕಾಣಲ್ಲ. ಇದೆಂಥ ಸಂಸಾರ ಹೇಳು? ನೀವು ಮೂರೂ ಜನ ಬನ್ನಿ. ಆಟ ಇಲ್ಲದಿದ್ರೆ ಬೇಡ, ಸುಮ್ಮನೆ ಕೂತು ಹೋಗಿ."

ಹೋದೆವು. ಸುಮ್ಮನೆ ಕೂತೆವು. ನಾನು ಅಂಗಡಿಯ ಅಭ್ಯಾಸಬಲದಿಂದ "ಆ ಬಿಳಿ ಬಟ್ಟೆ ನಿಮಗೆ ಚೆನ್ನಾಗಿ ಒಪ್ಪುತ್ತೆ ಅಣ್ಣಾ" ಅಂದೆ. ಅಂದಮೇಲೆ ನಾಲಗೆ ಕಚ್ಚಿಕೊಂಡೆ. ಕಂಡಕ್ಟರ್ ನನಗಿಂತ ಒಂದು ಕೈ ಮೇಲು.

"ಅಣ್ಣಾ, ಒಬ್ಬ ಯಂತ್ರಮಾನವನನ್ನ ಬಿಡೋಣ. ಧ್ವನಿ ರೆಡಿ ಇದೆಯಲ್ಲಾ!"

ಅಕ್ಕ ಮೇಜಿನ ಕೆಳಗೆ ಒದ್ದಳು. ಗುರಿ ತಪ್ಪಿ ಅದು ನನ್ನ ಕಾಲಿಗೆ ಬಿತ್ತು. ಗಾಜಣ್ಣ ತಲೆ ತಗ್ಗಿಸಿದ್ದರು, ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ಮುಖ ಎತ್ತಿದಾಗ ಗೊತ್ತಾಯಿತು, ನಗು. ಸದ್ದೇ ಇಲ್ಲದ ನಗು. ಜೇಬಿನಿಂದ ಯಂತ್ರ ತೆಗೆದು ದವಡೆಗೆ ಒತ್ತಿದರು.

"ಎದ್ದು. ಹಾಲಿಡು."

ಮುಂದಿನ ಭಾನುವಾರ ರಾಜನ ಕೊಳಕ್ಕೆ ಆಕಾಶದಿಂದ ಒಂದು ಕಬ್ಬಿಣದವನು ಬಿದ್ದ.

ಅವನ ವಾಹನ ಹೊಳೆಯಾಚೆ ಕಾಡಿನಲ್ಲಿ ಬಿದ್ದಿದೆಯಂತೆ, ಇವನೊಬ್ಬ ಸಿಡಿದು ಈಚೆಗೆ ಬಂದಿದ್ದಾನಂತೆ. ಅಲ್ಲಿಗೆ ಹೋದರೆ ತನ್ನ ನಕ್ಷತ್ರಕ್ಕೆ ಮರಳಬಹುದು. ಊರಿನವರು ಅವನನ್ನು ಭೂತ ಅಂದರು. ಮಾಂತ್ರಿಕನಾದ ಕಂಡಕ್ಟರ್ ಶಾಪ ಹಾಕಿದ, ತಗಲಲಿಲ್ಲ. "ನನಗೆ ಜೀವ ಇಲ್ಲ. ನಿನ್ನ ಶಾಪ ಎಲ್ಲಿ ಕೂರಬೇಕು?" ಅಂತ ಆ ಜೀರುಂಡೆಯ ಧ್ವನಿ ಕೇಳಿತು. ಬಿಸಿಲು ತಿನ್ನುತ್ತಿದ್ದ, ಮೋಡವಾದರೆ ನಿಂತಲ್ಲೇ ನಿಲ್ಲುತ್ತಿದ್ದ. ನನ್ನ ಮಹಾಶೂರನನ್ನು ಅಳೆದು ನೋಡಿ "ಈ ಯಂತ್ರಕ್ಕೆ ಬಾಯಿ ದೊಡ್ಡದು, ಎಂಜಿನ್ ಚಿಕ್ಕದು" ಅಂದ. ಕತ್ತಿ, ಗುರಾಣಿ, ಮಂತ್ರದ ನಡುವೆ ಆ ಸಪಾಟು ಧ್ವನಿ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಇಷ್ಟು ದಿನ ಇವನಿಲ್ಲದೆ ಹೇಗೆ ಆಡಿದೆವು ಅನ್ನಿಸಿತು. ಒಳ್ಳೆಯ ಕೆಲಸ ಮಾಡಿದೆವು ಅಂತ ನಾವು ಮೂವರೂ ಬೀಗಿದೆವು.

ಅಡುಗೆಮನೆಯ ಬಾಗಿಲಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ.

ಆಮೇಲೆ ಗಮನಿಸಿದೆ. ಕಬ್ಬಿಣದವನ ವಾಹನ ಹೊಳೆಯಾಚೆ ಇದೆ, ಆದರೆ ಯಾವ ದಾರಿ ಹಿಡಿದರೂ ಹೊಳೆ ಸಿಗುತ್ತಿಲ್ಲ. ಒಮ್ಮೆ ಗುಡ್ಡ ಕುಸಿಯಿತು, ಒಮ್ಮೆ ಕಳ್ಳರು ಬಂದರು, ಒಮ್ಮೆ ರಾಜನಿಗೆ ಹೊಟ್ಟೆನೋವು. ರಾಜ, ಮಂತ್ರಿ ಎಲ್ಲರೂ ಈಗ ಕಬ್ಬಿಣದವನ ಧ್ವನಿಯಲ್ಲೇ ಮಾತಾಡುತ್ತಿದ್ದರು, ನಮಗೂ ಅಭ್ಯಾಸವಾಗಿತ್ತು. ಅಜ್ಜಿಯನ್ನು ಮಾತ್ರ ಆ ಧ್ವನಿಗೆ ಕೊಡಲು ಗಾಜಣ್ಣ ಒಪ್ಪಲಿಲ್ಲ. ಹೊಳೆಗೆ ಹೋದರೆ ಅವಳು ಬರಬೇಕಲ್ಲ? ಅದಕ್ಕೇ ಹೊಳೆಯನ್ನೇ ದೂರ ದೂರಕ್ಕೆ ತಳ್ಳುತ್ತಿದ್ದರು. ಇದು ಅರ್ಥವಾದ ಮೇಲೆ ನಾವೂ ದಾರಿ ತಪ್ಪುವುದನ್ನು ಕಲಿತೆವು. ಎಡಕ್ಕೆ ಹೊಳೆ ಅಂತ ಗೊತ್ತಿದ್ದರೆ ಮಹಾಶೂರ ಎದೆಯುಬ್ಬಿಸಿ ಬಲಕ್ಕೆ ತಿರುಗುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಜಣ್ಣನ ಅಂಗಿ ದೊಡ್ಡದಾಗುತ್ತಾ ಬಂತು. ಗಡ್ಡೆ ಈಗ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಕತ್ತರಿಸುವುದಕ್ಕೆ ಏನೂ ಇಲ್ಲ ಅಂತ ಡಾಕ್ಟರು ಹೇಳಿದ್ದನ್ನು ಔಷಧಿ ಅಕ್ಕ ತನ್ನ ಅಂಗಡಿಯ ಗಾಜಿನ ಪೆಟ್ಟಿಗೆ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದಳು.

ಆ ಭಾನುವಾರ ಗಾಜಣ್ಣ ನಮ್ಮನ್ನು ನೇರವಾಗಿ ಹೊಳೆಯ ದಡಕ್ಕೆ ತಂದು ನಿಲ್ಲಿಸಿದರು.

"ಬಲಕ್ಕೆ ತಿರುಗ್ತೀನಿ" ಅಂದೆ.

"ಬಲಕ್ಕೆ. ದಾರಿ. ಇಲ್ಲ" ಅಂದಿತು ಯಂತ್ರ.

"ಹಿಂದಕ್ಕೆ?"

"ಇಲ್ಲ. ದೋಣಿ. ಬರ್ತಿದೆ."

ಅಷ್ಟು ಹೇಳಿ ಯಂತ್ರವನ್ನು ಮೇಜಿನ ಮೇಲಿಟ್ಟರು. ಬೆನ್ನು ಬಾಗಿಸಿದರು, ಗಲ್ಲ ಮುಂದೆ ಚಾಚಿದರು. ಅಜ್ಜಿಯೇ. ನನ್ನ ಕಡೆ ತಿರುಗಿ ತುಟಿ ಆಡಿಸಿದರು. ಬಂದದ್ದು ಬರೀ ಉಸಿರು, ಅದೂ ಕತ್ತಿನ ಬಟ್ಟೆಯ ಕಡೆಯಿಂದ. ಇನ್ನೊಮ್ಮೆ ಆಡಿಸಿದರು. ಕಂಡಕ್ಟರ್ ಚಹಾದ ಕಪ್ಪಿನೊಳಗೆ ನೋಡತೊಡಗಿದ. ಆ ಮಾತು ನನಗೆ ಬಾಯಿಪಾಠ. ಆದರೆ ನಾನು ಹೇಳಬಹುದೇ?

"ಏನಪ್ಪಾ ಶೂರ, ಕತ್ತಿ ಉದ್ದಕ್ಕಿದೆ. ಈಜು ಬರುತ್ತಾ?"

ಅದೇ ಎಳೆತ, ಅದೇ ಕೊಂಕು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

ಗಾಜಣ್ಣ ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿ ಕೂತಿದ್ದರು. ಅತ್ತಿಗೆ ಬಂದು ಐದನೆಯ ಕುರ್ಚಿ ಎಳೆದುಕೊಂಡರು.

"ಹತ್ತಿ. ಕಳ್ಳಿ, ನೀನು ನಡುವೆ ಕೂತ್ಕೋ, ಕೈ ಎರಡೂ ಕಾಣ್ತಿರ್ಲಿ. ಮಂತ್ರದವನೇ, ಹುಟ್ಟು ಹಾಕೋಕಾದ್ರೂ ಬರುತ್ತಾ, ಬಾಯಿ ಒಂದೇನಾ? ಈ ಕಬ್ಬಿಣದವನು ಯಾರು?"

ಗಾಜಣ್ಣ ಯಂತ್ರ ಎತ್ತಿಕೊಂಡರು. "ಅಜ್ಜಿ. ನನ್ನನ್ನೂ. ದಾಟಿಸು."

"ನಿನ್ನನ್ನಾ? ಭಾರ. ದೋಣಿ ಮುಳುಗುತ್ತೆ."

"ಭಾರ ಇಲ್ಲ. ಒಳಗೆ. ಟೊಳ್ಳು."

"ಆಚೆ ಏನಿದೆ ಅಂತ ಅಷ್ಟು ಅವಸರ?"

"ನನ್ನ ವಾಹನ. ಇದೆ."

"ಇರ್ಲಿ ಬಿಡು. ತುಕ್ಕು ಹಿಡೀಲಿ. ಬೇಕಾದ್ರೆ ಇವರು ಮೂರು ಜನ ಹೋಗ್ಲಿ, ನೋಡ್ಕೊಂಡು ಬರ್ಲಿ. ನೀನು ಈ ದಡದಲ್ಲೇ ಇರು. ಬಿಸಿಲಿದೆಯಲ್ಲ, ತಿಂದ್ಕೊಂಡಿರು."

"ಅಜ್ಜಿ. ಹೋಗಬೇಕು."

"ದಾಟಿಸಲ್ಲ ಅಂದ್ರೆ ದಾಟಿಸಲ್ಲ."

ಒಪ್ಪದವರನ್ನು ಒಪ್ಪಿಸಬೇಕಾದರೆ ದಾಳ ಹಾಕಬೇಕು. ಅದು ಆಟದ ನಿಯಮ, ಗಾಜಣ್ಣ ಎಂದೂ ಅದನ್ನು ಮುರಿದವರಲ್ಲ. ದಾಳ ಎತ್ತಿ ಉರುಳಿಸಿದರು. ಅದು ಮೇಜಿನ ಮೇಲೆ ಗಿರಗಿರ ತಿರುಗಿ, ಸಕ್ಕರೆ ಡಬ್ಬಕ್ಕೆ ತಗಲಿ, ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಅತ್ತಿಗೆ ಅಂಗೈ ಅಪ್ಪಳಿಸಿ ಮುಚ್ಚಿದರು. ಆಮೇಲೆ ಹೆಬ್ಬೆರಳನ್ನು ಒಂದಿಷ್ಟು ಎತ್ತಿ ಇಣುಕಿದರು.

"ಎರಡು. ಆಗಲ್ಲ ಹೋಗು" ಅಂದರು. ದಾಳವನ್ನು ಮುಷ್ಟಿಯೊಳಗೆ ಹಿಡಿದುಕೊಂಡರು.

ಗಾಜಣ್ಣ ಅವರ ಮುಖವನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಮೂಗಿನ ಬುಡ, ಕಿವಿ, ಕಣ್ಣು, ಫ್ರೇಮಿಗೆ ಅಳತೆ ತೆಗೆಯುವವರ ಹಾಗೆ. ಆಮೇಲೆ ಯಂತ್ರ ಒತ್ತಿದರು.

"ಸರಿ. ಅಜ್ಜಿ."

ನಾವು ಮೂವರು ದೋಣಿ ಹತ್ತಿದೆವು. ಕಬ್ಬಿಣದವನು ದಡದಲ್ಲಿ ಕೂತ. ಅದೇ ಕೊನೆಯ ಆಟ. ಅದಾದ ಮೇಲೆ ಹಾಸಿಗೆ, ಆಸ್ಪತ್ರೆ, ಆಮ್ಲಜನಕದ ಸಿಲಿಂಡರ್. ಒಂದು ಮೋಡ ಕವಿದ ಬೆಳಿಗ್ಗೆ ಕಂಡಕ್ಟರ್ ಬಸ್ಸನ್ನು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿ, ಇಳಿದು ಬಂದು, ಟಿಕೆಟ್ ಚೀಲವನ್ನು ಕೌಂಟರಿನ ಮೇಲಿಟ್ಟು ನಿಂತುಕೊಂಡ. ಬಸ್ಸಿನಲ್ಲಿದ್ದವರು ಬೈಯುತ್ತಿದ್ದರು. ನಾನು ಶಟರ್ ಎಳೆದೆ, ಆ ದಿನ ಒಬ್ಬನೇ ಎಳೆದೆ.

ಹಿಂದಿನ ಕೋಣೆ ಈಗ ಗೋದಾಮು. ಲೆನ್ಸ್ ಉಜ್ಜಿಸಿಕೊಂಡೇ ಬೇರೆ ಊರಿನಿಂದ ಪೊಟ್ಟಣದಲ್ಲಿ ಬರುತ್ತದೆ. ನಾನು ಕೂರಿಸಿ ಸ್ಕ್ರೂ ಬಿಗಿಯುತ್ತೇನೆ. ಕಳೆದ ವಾರ ಅತ್ತಿಗೆ ಬಂದು ಕೌಂಟರಿನ ಮುಂದೆ ಕೂತರು. "ಒಂದು ಕನ್ನಡಕ ಹಾಕಿಕೊಡು. ಇನ್ನು ನಾಳೆ ಅನ್ನೋರಿಲ್ಲ."

ತಯಾರಾದ ಮೇಲೆ ಅವರ ಮೂಗಿನ ಮೇಲಿಟ್ಟು ಓದುವ ಹಲಗೆ ಕೊಟ್ಟೆ. ಅದನ್ನು ಪಕ್ಕಕ್ಕೆ ತಳ್ಳಿ ಪರ್ಸಿನಿಂದ ದಾಳ ತೆಗೆದರು. ಬೆಳಕಿಗೆ ಹಿಡಿದರು.

"ಇಷ್ಟು ಸಣ್ಣಗೆ ಬರೆದಿದ್ದಾರಲ್ಲೋ!"

ಆಗ ಹೊಳೆಯಿತು ನನಗೆ. "ಅತ್ತಿಗೆ, ಆವತ್ತು ಎರಡು ಅಂದ್ರಲ್ಲಾ?"

"ಏನು ಬಿದ್ದಿತ್ತೋ ಯಾರಿಗೆ ಗೊತ್ತು? ನನಗೆ ಎಲ್ಲಿ ಕಾಣ್ತಿತ್ತು?" ದಾಳವನ್ನು ಬೆರಳ ನಡುವೆ ತಿರುಗಿಸುತ್ತಿದ್ದರು. "ಅವರಿಗೆ ಗೊತ್ತಿತ್ತು, ನನಗೆ ಕಾಣಲ್ಲ ಅಂತ. ಆದ್ರೂ ಸರಿ ಅಜ್ಜಿ ಅಂದ್ರು."

ಕನ್ನಡಕ ನಿಮಗೇ ಅಂತ ಮಾಡಿಸಿದ ಹಾಗಿದೆ ಅನ್ನಬೇಕಿತ್ತು ನಾನು. ಅದರ ಬದಲು ಓದುವ ಹಲಗೆಯನ್ನು ಎತ್ತಿಟ್ಟೆ. ಅತ್ತಿಗೆ ಒಂದೊಂದೇ ಮುಖ ತಿರುಗಿಸುತ್ತಾ, ಹೊಸದಾಗಿ ಅಕ್ಷರ ಕಲಿತವರ ಹಾಗೆ ಓದುತ್ತಿದ್ದರು: "ಏಳು... ಹದಿಮೂರು... ಹತ್ತೊಂಬತ್ತು..."